ಒಂದು ಬೆರಳಗಲದ ಅಂಚು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಕ್ಷೇಮವಾಗಿತ್ತು. ಅದರ ಅಗತ್ಯ ಬೇರೆ ಯಾರಿಗೂ ಬಿದ್ದಿರಲಿಲ್ಲ. ಮೂವತ್ತೊಂದು ವರ್ಷದಿಂದ ಪುಸ್ತಕ ಕಟ್ಟಿ ಕಟ್ಟಿ ಅವನ ಬೆರಳ ಸಂದಿಗಳಲ್ಲಿ ಒಣಗಿದ ಗೋಂದು ಕಾಯಂ ಆಗಿ ಮನೆ ಮಾಡಿತ್ತು. ಅವನ ಕೈ ಕುಲುಕಿದವರು ತಮ್ಮ ಕೈ ವಾಪಸ್ ಬಂತೋ ಇಲ್ಲವೋ ಎಂದು ನೋಡಿಕೊಳ್ಳಬೇಕು ಎಂದು ಪಕ್ಕದ ಕನ್ನಡಕದಂಗಡಿಯವನು ಬಂದವರಿಗೆಲ್ಲ ಹೇಳುತ್ತಿದ್ದ.

ಅಂಗಡಿ ಎಂದರೆ ಎರಡು ಮೇಜು, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಬಣ್ಣಬಣ್ಣದ ಬಟ್ಟೆಯ ಸುರುಳಿಗಳು, ಮೂಲೆಯಲ್ಲಿ ಉದ್ದ ಹಿಡಿಯ ಕಟಿಂಗ್ ಮಷೀನು. ಗೋಂದಣ್ಣನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ತಾನು ಕಟ್ಟಿದ ಪುಸ್ತಕ ಮೇಲಿಂದ ಎಸೆದರೂ ಹಾಳೆ ಬಿಡುವುದಿಲ್ಲ ಎನ್ನುವುದು. ಇನ್ನೊಂದು, ಹಳೆಯ ಪುಸ್ತಕಕ್ಕೆ ಅಲಗು ತಾಗಿಸುವುದಿಲ್ಲ ಎನ್ನುವುದು. ಹೊಸ ಪುಸ್ತಕ ಹೊಲಿದ ಮೇಲೆ ಮೂರು ಕಡೆ ಅಂಚು ಕತ್ತರಿಸಿ ಸಮ ಮಾಡುತ್ತಾರೆ. ಹಳೆಯದನ್ನು ಹಾಗೆ ಮಾಡಬಾರದು. ಅಂಚಿನಲ್ಲಿ ಯಾರು ಏನು ಬರೆದಿಟ್ಟಿರುತ್ತಾರೋ ಯಾರಿಗೆ ಗೊತ್ತು? ಒಮ್ಮೆ ಇನ್ನೊಬ್ಬ ಬೈಂಡರ್ ಯಾರದೋ ತಾತನ ದಿನಚರಿಯ ಅಂಚು ಹಾರಿಸಿದ್ದಕ್ಕೆ, ಗೋಂದಣ್ಣ ನಾಲ್ಕು ಜನರ ಮುಂದೆ, “ನೀನೇನು ಪುಸ್ತಕ ಕಟ್ಟೋನೋ, ಸೊಪ್ಪು ಹೆಚ್ಚೋನೋ?” ಎಂದು ಕೇಳಿದ್ದ. ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೋದವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಮೂರನೆಯದೊಂದು ವಿಷಯವಿತ್ತು, ಅದನ್ನು ಹೆಮ್ಮೆ ಎನ್ನಬೇಕೋ ಏನೋ ತಿಳಿಯದು. ಸಾವಿರಾರು ಪುಸ್ತಕ ಕಟ್ಟಿದ ಗೋಂದಣ್ಣ ಒಂದನ್ನೂ ಓದಿದವನಲ್ಲ. ಅವನ ಹೆಂಡತಿ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಸಿಕ್ಕಿದ್ದನ್ನೆಲ್ಲ ಓದುವವಳು. ಅವಳು ಕೆಣಕಿದರೆ, “ಓದ್ತಾ ಕೂತ್ರೆ ಕಟ್ಟೋದು ಯಾವಾಗ?” ಎಂದು ನಗುತ್ತಿದ್ದ.

ಅವನಿಗೆ ಒಬ್ಬಳೇ ಅಕ್ಕ. ಒಂಬತ್ತು ವರ್ಷ ದೊಡ್ಡವಳು. ಸಮುದ್ರದಾಚೆಯ ಒಂದು ದ್ವೀಪದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು, ಈಗ ಹೊಸ ಹುಡುಗಿಯರಿಗೆ ಆ ಕೆಲಸ ಕಲಿಸುವವಳು. ಮದುವೆ ಆಗಲಿಲ್ಲ. ಅಪ್ಪ ಬೇಗ ಹೋದ ಮೇಲೆ ತಮ್ಮನ ಓದು, ಅಂಗಡಿ, ಆ ಕಟಿಂಗ್ ಮಷೀನು ಎಲ್ಲ ಅವಳ ದುಡಿಮೆಯಿಂದ ಆದದ್ದು. ನಾಲ್ಕೈದು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಐವತ್ತೆರಡು ದಾಟಿದ, ಅರ್ಧ ತಲೆ ಬೋಳಾದ ತಮ್ಮನನ್ನು ಇನ್ನೂ “ಮರಿ” ಎಂದೇ ಕರೆಯುತ್ತಿದ್ದಳು.

ಅಮ್ಮನೂ ಅದೇ ಕೆಲಸದವಳು. ಅಮ್ಮ ಬಿಟ್ಟುಹೋದ ಆಸ್ತಿ ಎಂದರೆ ಒಂದು ಹೆರಿಗೆ ಪುಸ್ತಕ. ಉದ್ದನೆಯ ರಿಜಿಸ್ಟರು. ಒಂದೊಂದು ಹೆರಿಗೆಗೆ ಒಂದೊಂದು ಪುಟ: ದಿನ, ಗಳಿಗೆ, ತಾಯಿಯ ಹೆಸರು, ಮಗು ಹೆಣ್ಣೋ ಗಂಡೋ, ತೂಕ ಎಷ್ಟು, ಎಲ್ಲ ಶಾಯಿಯಲ್ಲಿ, ಕೆಂಪು ಗೆರೆಯ ಒಳಗೆ. ತನ್ನ ಎರಡು ಹೆರಿಗೆಗಳನ್ನೂ ಅವಳೇ ಬರೆದುಕೊಂಡಿದ್ದಳು. ಅಕ್ಕ ಹೋದ ಸಲ ಬಂದಾಗ ಆ ಪುಸ್ತಕವನ್ನು ತಮ್ಮನ ಕೈಗಿಟ್ಟು, “ಬೆನ್ನು ಮುರಿದಿದೆ, ಸರಿ ಮಾಡಿಡು ಮರಿ. ಮುಂದಿನ ಸಲ ತಗೊಂಡು ಹೋಗಿ ನಮ್ಮ ಹುಡುಗೀರಿಗೆ ತೋರಿಸ್ಬೇಕು,” ಎಂದಿದ್ದಳು.

ಮನೆಯ ಕೆಲಸ ಯಾವತ್ತೂ ಕೊನೆಗೇ. ನಾಲ್ಕು ವರ್ಷ ಅದು ಕಪಾಟಿನ ಮೇಲಿತ್ತು. ಅಕ್ಕ ಬರುವ ದಿನ ಗೊತ್ತಾದ ಮೇಲೆ ಗೋಂದಣ್ಣನಿಗೆ ಚಳಿ ಬಿಟ್ಟಿತು. ಪುಸ್ತಕ ಬಿಚ್ಚಿದ, ಹೊಸದಾಗಿ ಹೊಲಿದ, ಹಸಿರು ಬಟ್ಟೆಯ ರಟ್ಟು ಸಿದ್ಧ ಮಾಡಿದ. ಎಲ್ಲ ಚೆನ್ನಾಗಿತ್ತು. ಅಂಚು ಮಾತ್ರ ಮಡಿಚಿಕೊಂಡು, ಸುಕ್ಕಾಗಿ, ಬೆರಳಿನ ಕೊಳೆ ಹತ್ತಿ ನೋಡಲು ಅಸಹ್ಯವಾಗಿತ್ತು. ಅವತ್ತೇ ಮಷೀನಿಗೆ ಹೊಸ ಅಲಗು ಹಾಕಿಸಿದ್ದ. ಅಕ್ಕ ಕೊಡಿಸಿದ ಮಷೀನು, ಅಕ್ಕ ತೆಗೆದುಕೊಂಡು ಹೋಗುವ ಪುಸ್ತಕ. ಹೊರದೇಶದಲ್ಲಿ ನಾಲ್ಕು ಜನ ನೋಡುವಾಗ, ‘ಇದು ನನ್ನ ತಮ್ಮ ಕಟ್ಟಿದ್ದು’ ಎಂದು ಅವಳು ಹೇಳಬೇಕು. ಆ ಆಸೆಯಲ್ಲಿ ಮೂವತ್ತೊಂದು ವರ್ಷದ ನಿಯಮ ಮರೆತುಹೋಯಿತು. ಹಿಡಿ ಕೆಳಗಿಳಿಸಿದ. ಹೊರಗಿನ ಅಂಚಿನಿಂದ ಸರಿಯಾಗಿ ಒಂದು ಬೆರಳಗಲ ಕಾಗದ ರಿಬ್ಬನ್ನಿನ ಹಾಗೆ ಸುರುಳಿ ಸುತ್ತಿ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆ ಹಿಡಿದವನೂ ಅವನೇ.

ಹತ್ತು ದಿನ ಕಳೆದು ಒಂದು ಶುಕ್ರವಾರ ಅಕ್ಕನ ಫೋನು ಬಂತು.

“ಪುಸ್ತಕ ಆಯ್ತಾ ಮರಿ?”

“ಎಂದೋ ಆಯ್ತು! ನೋಡಿದ್ರೆ ನೀನೇ ಗುರುತು ಹಿಡಿಯಲ್ಲ.”

“ಅಂಚಲ್ಲಿ ಅಮ್ಮ ಪೆನ್ಸಿಲ್ಲಲ್ಲಿ ಬರೆದಿದ್ದಳಲ್ಲ, ಅದು ಮಾಸಿಲ್ಲ ತಾನೇ? ನಮ್ಮ ಹುಡುಗೀರಿಗೆ ಅದನ್ನೇ ಓದಿ ಹೇಳ್ಬೇಕು ಅಂತ. ಶಾಯಿಯಲ್ಲಿರೋದು ಯಾರು ಬೇಕಾದ್ರೂ ಬರೀತಾರೆ.”

“ಇದೆ, ಇದೆ. ಚೆನ್ನಾಗಿದೆ,” ಎಂದ ಗೋಂದಣ್ಣ. ಹಾಗೆ ಅನ್ನುವಾಗ ಅದು ಸುಳ್ಳೆಂದು ಅವನಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟ. ಫೋನಿಟ್ಟು ಪುಸ್ತಕ ತೆಗೆದು ನೋಡಿದ.

ಅಮ್ಮ ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿ, ಕೆಂಪು ಗೆರೆಯ ಹೊರಗೆ, ಅಂಚಿನ ಉದ್ದಕ್ಕೂ ಒಂದೊಂದು ಸಾಲು ಬರೆದಿದ್ದಳು. ಪ್ರತಿ ಪುಟದಲ್ಲೂ. ಈಗ ಆ ಸಾಲುಗಳಿಲ್ಲ. ಕೆಲವು ಪುಟಗಳಲ್ಲಿ ಅಕ್ಷರಗಳ ಕೆಳಗಿನ ಬಾಲಗಳಷ್ಟೇ ಬೂದು ಬಣ್ಣದಲ್ಲಿ ಉಳಿದಿದ್ದವು. ತನ್ನ ಪುಟ ಹುಡುಕಿದ. ದಿನ, ಗಳಿಗೆ, ಗಂಡು, ಆರು ಪೌಂಡು. ಅಂಚು ನುಣ್ಣಗೆ, ಬೋಳು. ಕತ್ತರಿಸಿದ ಕೆಲಸ ಎಷ್ಟು ನೀಟಾಗಿತ್ತೆಂದರೆ, ಬೇರೆಯವರ ಪುಸ್ತಕವಾಗಿದ್ದರೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ರದ್ದಿಯವನ ಹತ್ತಿರ ಓಡಿದ. ರದ್ದಿಯವನು, “ಹೋದ ವಾರದ ಚೀಲವಾ? ಅದು ಮಿಲ್ಲಿಗೆ ಹೋಗಿ ಇಷ್ಟೊತ್ತಿಗೆ ಮೊಟ್ಟೆಯ ಟ್ರೇ ಆಗಿರುತ್ತೆ ಬಿಡಿ,” ಎಂದು ನಕ್ಕ. ಗೋಂದಣ್ಣನೂ ನಗಬೇಕಾಯಿತು. ಮನೆಗೆ ಬಂದವನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ಬೈಯುವುದಿಲ್ಲ, ‘ಛೆ’ ಎಂದು ಒಂದೇ ಒಂದು ಮಾತು ಅಂದು ಸುಮ್ಮನಾಗುತ್ತಾಳೆ, ಅದನ್ನು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅಕ್ಕ ಬರುವುದು ಮುಂದಿನ ಗುರುವಾರ. ಆರು ದಿನ.

ಭಾನುವಾರ ಬೆಳಿಗ್ಗೆ ಕನ್ನಡಕದಂಗಡಿಯವನು ಫೋನು ಹಿಡಿದುಕೊಂಡು ಬಂದ. ಕೆಟ್ಟ ಸುದ್ದಿ ಎಲ್ಲಿದ್ದರೂ ಮೊದಲು ಅವನಿಗೇ ಕಾಣುತ್ತಿತ್ತು. ಅವನ ಅಂಗಡಿಯ ಗಾಜಿನ ಮಹಿಮೆ ಇರಬೇಕು.

“ಗೋಂದಣ್ಣ, ನಿಮ್ಮ ಅಕ್ಕ ಬರೋದು ಗುರುವಾರ ಅಲ್ವಾ? ಸಮುದ್ರದಲ್ಲಿ ಚಂಡಮಾರುತ ಏಳ್ತಿದೆ. ನೋಡಿ ಇಲ್ಲಿ, ಹೆಂಗೆ ಸುತ್ತುತ್ತಿದೆ. ನೇರ ಆ ದಾರಿಗೇ ಬರ್ತಿದೆ. ವಿಮಾನ ಹೊರಡೋದು ಡೌಟು.”

ಗೋಂದಣ್ಣ ನೋಡಿದ. ನೀಲಿ ನಕ್ಷೆಯ ಮೇಲೆ ಬಿಳಿ ಸುಳಿಯೊಂದು ತಿರುಗುತ್ತಿತ್ತು. ಅವನ ಎದೆಯ ಮೇಲಿನ ಭಾರ ಒಂದು ಕ್ಷಣ ಇಳಿಯಿತು. ಹೌದು, ಸಂತೋಷವಾಯಿತು. ಬೇರೆ ಪದ ಹುಡುಕಿ ಅವನ ಮಾನ ಉಳಿಸುವುದರಲ್ಲಿ ಅರ್ಥವಿಲ್ಲ. ವಿಮಾನ ಹೊರಡದಿದ್ದರೆ ಅಕ್ಕನ ರಜೆ ಮುಗಿಯುತ್ತದೆ. ಬರುವುದು ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ. ಅಷ್ಟರಲ್ಲಿ ಏನಾದರೂ ದಾರಿ ಸಿಕ್ಕೀತು.

“ನಿಜವಾಗ್ಲೂ ಬರುತ್ತಾ?” ಎಂದ. ಫೋನಿನ ಮೇಲಿಂದ ಕಣ್ಣು ಕೀಳಲಿಲ್ಲ.

ಕನ್ನಡಕದವನು ಅದನ್ನು ಬೇರೆಯೇ ತಿಳಿದ. “ಹೆದರ್ಬೇಡಿ. ದೇವರಿದ್ದಾನೆ,” ಎಂದು ಬೆನ್ನು ಸವರಿದ. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಯಿತು: ಪಾಪ, ಗೋಂದಣ್ಣ ಅಕ್ಕನ ಚಿಂತೆಯಲ್ಲಿ ಅನ್ನ ನೀರು ಬಿಟ್ಟಿದ್ದಾನೆ.

ಅಲ್ಲಿಂದ ಅವನ ಪಾಡು ಉಗುಳಲಾರ, ನುಂಗಲಾರ ಎಂಬಂತಾಯಿತು. ಗಂಟೆಗೊಮ್ಮೆ ಕನ್ನಡಕದಂಗಡಿಗೆ ಹೋಗಿ, “ಎಲ್ಲಿಗೆ ಬಂತು?” ಎಂದು ಕೇಳುವನು. ಸುಳಿ ಹತ್ತಿರ ಬಂದಿದೆ ಎಂದರೆ ಸಮಾಧಾನ, ದೂರ ಸರಿದಿದೆ ಎಂದರೆ ಸಂಕಟ. ಟೀ ಅಂಗಡಿಯವನು ಅವನಿಂದ ಕಾಸು ತೆಗೆದುಕೊಳ್ಳಲಿಲ್ಲ. ದರ್ಜಿಯ ತಾಯಿ, ಎಂಬತ್ತು ದಾಟಿದ ಮುದುಕಿ, ಮೆಟ್ಟಿಲು ಹತ್ತಿ ಬಂದು ಅವನ ಗಲ್ಲ ಹಿಡಿದು, “ನಿನ್ನಂಥ ತಮ್ಮನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕಪ್ಪ. ನನ್ನ ತಮ್ಮ ನಾನು ಬದುಕಿದೀನಾ ಅಂತ ಕೇಳಿ ಹತ್ತು ವರ್ಷ ಆಯ್ತು,” ಎಂದು ಕಣ್ಣೊರೆಸಿಕೊಂಡಳು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಗೋಂದಣ್ಣನಿಗೆ. ಆದರೆ ಮುದುಕಿ ಅತ್ತ ಹೋದದ್ದೇ ತಡ, ಇತ್ತ ಮತ್ತೆ ಕನ್ನಡಕದಂಗಡಿಗೆ ಹೋದ.

ಮಂಗಳವಾರ ಅವನಿಗೊಂದು ಉಪಾಯ ಹೊಳೆಯಿತು. ಅದೂ ಕಸುಬಿನ ಉಪಾಯವೇ. ಹಳೆಯ ಕಾಗದದ ಪಟ್ಟಿ ಅಂಟಿಸಿ ಅಂಚನ್ನು ಮತ್ತೆ ಅಗಲ ಮಾಡಬಹುದು. ಕಣ್ಣಿಗೆ ಕಾಣದ ಹಾಗೆ ಕೂಡಿಸುವ ಕೈಚಳಕ ಅವನಿಗಿತ್ತು. ಅಮ್ಮನ ಕೈಬರಹವೂ ಗೊತ್ತಿತ್ತು, ದುಂಡಗೆ, ಬಲಕ್ಕೆ ವಾಲಿದ್ದು. ಮೆತ್ತನೆ ಪೆನ್ಸಿಲ್ಲು ಕೊಂಡು ತಂದ. ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತ. ಮೊದಲ ಪುಟ ತೆಗೆದ. ಪೆನ್ಸಿಲ್ಲನ್ನು ಕಾಗದದ ಮೇಲಿಟ್ಟ.

ಏನು ಬರೆಯುವುದು?

ಆಗಲೇ ಅವನಿಗೆ ಅರಿವಾದದ್ದು. ಅಂಚಿನಲ್ಲಿ ಏನಿತ್ತು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅಮ್ಮ ಬದುಕಿದ್ದಾಗ ಆ ಪುಸ್ತಕ ಮನೆಯ ಮೇಜಿನ ಮೇಲೇ ಇತ್ತು. ಅಮ್ಮ ಹೋಗಿ ಹದಿನೇಳು ವರ್ಷವಾಗಿತ್ತು. ನಾಲ್ಕು ವರ್ಷ ಅವನ ಕಪಾಟಿನ ಮೇಲೇ ಇತ್ತು. ಹೊಲಿಯುವಾಗ ಪ್ರತಿ ಹಾಳೆಯನ್ನೂ ಬೆರಳಲ್ಲಿ ಮುಟ್ಟಿದ್ದ, ಎಣಿಸಿದ್ದ, ದಪ್ಪ ನೋಡಿದ್ದ. ಒಂದು ಸಾಲೂ ಓದಿರಲಿಲ್ಲ. ಓದಿದ್ದರೆ ಕತ್ತರಿಸುತ್ತಲೇ ಇರಲಿಲ್ಲ. ಅಷ್ಟಕ್ಕೂ, ಕಳ್ಳ ಸಹಿ ಹಾಕುವವನು ಕೂಡ ಯಾರ ಹೆಸರೆಂದು ತಿಳಿದುಕೊಂಡಿರುತ್ತಾನೆ. ಗೋಂದಣ್ಣ ತಾಯಿಯ ಮಾತನ್ನು ಕದಿಯುವಷ್ಟು ಕೂಡ ತಿಳಿದುಕೊಂಡಿರಲಿಲ್ಲ. ಪೆನ್ಸಿಲ್ಲು ಕೆಳಗಿಟ್ಟ. ಕತ್ತರಿಸಿದ್ದಕ್ಕಿಂತ ಈ ನಾಚಿಕೆ ದೊಡ್ಡದಾಗಿತ್ತು.

ಹೀಗಿದ್ದೂ ಬುಧವಾರ ಬೆಳಿಗ್ಗೆ ಎದ್ದ ತಕ್ಷಣ ಕೇಳಿದ್ದು ಚಂಡಮಾರುತವನ್ನೇ.

ಅದು ದಕ್ಷಿಣಕ್ಕೆ ಸರಿದಿತ್ತು. “ಗೆದ್ದಿರಿ ಗೋಂದಣ್ಣ!” ಎಂದು ಕನ್ನಡಕದವನು ಕೂಗಿದ. “ವಿಮಾನ ಸರಿಯಾದ ಹೊತ್ತಿಗೇ ಹೊರಡುತ್ತಂತೆ.” ಗೋಂದಣ್ಣನ ಮುಖದಲ್ಲಿ ರಕ್ತವಿಲ್ಲ. ಜನ ಅದನ್ನು ಸಂತೋಷ ತಡೆಯಲಾರದೆ ಹಾಗಾಯಿತು ಎಂದುಕೊಂಡರು. ಒಬ್ಬ ನೀರು ತಂದುಕೊಟ್ಟ.

ಗುರುವಾರ ಗಂಡ ಹೆಂಡತಿ ಬಸ್ಸು ಹತ್ತಿ ವಿಮಾನ ನಿಲ್ದಾಣಕ್ಕೆ ಹೋದರು. ವಿಮಾನ ಇಳಿಯಬೇಕಾದದ್ದು ಮಧ್ಯಾಹ್ನ ಮೂರಕ್ಕೆ. ಅಕ್ಕ ಹೊರಡುವ ಮೊದಲು ಮಾಡಿದ ಫೋನು ಅವರು ಬಸ್ಸಿನಲ್ಲಿದ್ದಾಗಲೇ ಬಂದಿತ್ತು: “ಹತ್ತಿ ಕೂತಿದೀನಿ ಮರಿ. ಇಲ್ಲಿ ಆಕಾಶ ಸ್ವಚ್ಛವಾಗಿದೆ.” ಕಿಟಕಿಯ ಹೊರಗೆ ನೋಡುತ್ತ ಗೋಂದಣ್ಣ, ಇನ್ನೂ ಕಾಲ ಮಿಂಚಿಲ್ಲ, ವಿಮಾನ ಅರ್ಧ ದಾರಿಯಿಂದ ವಾಪಸ್ ಹೋಗಬಹುದು ಎಂದುಕೊಂಡ. ಹಾಗೆ ಅಂದುಕೊಂಡದ್ದು ಅವನೇ. ಆಮೇಲೆ ಅದನ್ನು ಎಷ್ಟು ಸಲ ನೆನೆಸಿಕೊಂಡನೋ ಲೆಕ್ಕವಿಲ್ಲ.

ಎರಡೂವರೆಗೆ ಗಾಳಿ ಎದ್ದಿತು. ನಿಲ್ದಾಣದ ದೊಡ್ಡ ಗಾಜಿನ ಗೋಡೆಗಳು ಗುಂಯ್‌ಗುಟ್ಟತೊಡಗಿದವು. ಹೊರಗೆ ಸಾಮಾನು ದೂಡುವ ಗಾಡಿಗಳು ತಾವಾಗಿಯೇ ಓಡಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಕನ್ನಡಕದವನ ಫೋನು ಬಂತು. ಈ ಸಲ ಅವನ ದನಿಯಲ್ಲಿ ಉತ್ಸಾಹವಿರಲಿಲ್ಲ. “ಗೋಂದಣ್ಣ, ಅದು ತಿರುಗಿಬಿಡ್ತು ಕಣ್ರೀ. ನಮ್ಮ ಕಡೆಗೇ ಬರ್ತಿದೆ.”

ಫಲಕದ ಮೇಲೆ ಅಕ್ಕನ ವಿಮಾನದ ಮುಂದೆ ‘ತಡ’ ಎಂದು ಬಂತು. ಮೂರೂವರೆಗೆ ಅದೂ ಹೋಗಿ ಜಾಗ ಖಾಲಿಯಾಯಿತು. ಸಮವಸ್ತ್ರದ ಹುಡುಗಿಯೊಬ್ಬಳು, ವಿಮಾನ ಎರಡು ಸಲ ಇಳಿಯಲು ನೋಡಿತು, ಆಗಲಿಲ್ಲ, ಬೇರೆ ಕಡೆ ಹೋಗಿದೆ, ಎಲ್ಲಿಗೆಂದು ಇನ್ನೂ ತಿಳಿದಿಲ್ಲ ಎಂದಳು. ತಿಳಿದಿಲ್ಲ ಎಂದರೇನು ಎಂದು ಜನ ಅವಳನ್ನು ಮುತ್ತಿಕೊಂಡರು. ಅವಳ ಕಣ್ಣಲ್ಲೂ ನೀರಿತ್ತು.

ಗೋಂದಣ್ಣ ಕುರ್ಚಿಯಲ್ಲಿ ಕೂತಲ್ಲೇ ಕೂತ. ಭಾನುವಾರದಿಂದ ಬೇಡಿಕೊಂಡದ್ದು ಬಂದಿತ್ತು. ತಡವಾಗಿ ಬಂದಿತ್ತು, ಅಕ್ಕನನ್ನು ಮೇಲೆ ಕೂರಿಸಿಕೊಂಡ ಮೇಲೆ ಬಂದಿತ್ತು. ಆಕಾಶ ತನ್ನ ಮಾತು ಕೇಳುವಷ್ಟು ತಾನು ದೊಡ್ಡ ಮನುಷ್ಯನಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹೊರಗೆ ಗಾಳಿ ಊಳಿಟ್ಟಾಗಲೆಲ್ಲ, ಕರೆದೆಯಲ್ಲ, ಬಂದೆ ಎಂದ ಹಾಗಾಗುತ್ತಿತ್ತು. ಪುಸ್ತಕ ಸುಟ್ಟುಹೋಗಲಿ, ಅಂಗಡಿ ಹೋಗಲಿ, ಈ ಬಲಗೈ ಆ ಅಲಗಿನ ಕೆಳಗೆ ಹೋಗಲಿ, ಅಕ್ಕ ಇಳಿಯಲಿ ಎಂದು ಒಳಗೊಳಗೇ ಹಲುಬಿದ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಅಳುತ್ತಿದ್ದಳು. ಅವಳ ಗಂಡ ಅದೇ ವಿಮಾನದಲ್ಲಿದ್ದ. ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಚಾಚಿ, “ನಿಮ್ಮವರು ಯಾರು?” ಎಂದಳು.

“ಅಕ್ಕ,” ಎಂದ. ಬಾಟಲಿ ತೆಗೆದುಕೊಳ್ಳಲಾಗಲಿಲ್ಲ. ಇವಳ ಗಂಡನನ್ನೂ ಸೇರಿಸಿಯೇ ತಾನು ಬೇಡಿಕೊಂಡದ್ದಲ್ಲವೇ? ವಿಮಾನದಲ್ಲಿ ಅಕ್ಕ ಒಬ್ಬಳೇ ಇರುತ್ತಾಳೆ ಎನ್ನುವ ಹಾಗೆ ಯೋಚಿಸಿದ್ದ. ಹೆಂಡತಿ ಅವನ ಕೈ ಹಿಡಿದು, “ರೀ, ಕೈ ಎಷ್ಟು ತಣ್ಣಗಿದೆ. ಅತ್ತಿಗೆಗೆ ಏನೂ ಆಗಲ್ಲ, ಸಮಾಧಾನ ಮಾಡ್ಕೊಳ್ಳಿ,” ಎಂದಳು. ಆ ಸಮಾಧಾನ ಅವನಿಗೆ ಬರೆ ಎಳೆದ ಹಾಗಿತ್ತು.

ಐದು ಗಂಟೆ ದಾಟಿದ ಮೇಲೆ ಆ ಹುಡುಗಿ ಓಡುತ್ತ ಬಂದಳು. ಒಳನಾಡಿನ ಇನ್ನೊಂದು ಊರಿನಲ್ಲಿ ವಿಮಾನ ಇಳಿದಿದೆ. ಎಲ್ಲರೂ ಕ್ಷೇಮ. ಪಕ್ಕದ ಹೆಂಗಸು ಹುಡುಗಿಯನ್ನೇ ತಬ್ಬಿಕೊಂಡಳು. “ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು,” ಎಂದು ಹೆಂಡತಿ ಉಸಿರುಬಿಟ್ಟಳು. ಹತ್ತು ನಿಮಿಷಕ್ಕೆ ಅಕ್ಕನ ಫೋನು ಬಂತು.

“ಮರಿ, ಊಟ ಮಾಡಿದ್ಯಾ?”

ಗೋಂದಣ್ಣ ಫೋನನ್ನು ಹೆಂಡತಿಯ ಕೈಗಿಟ್ಟು ಕಂಬದ ಹಿಂದೆ ಹೋಗಿ ನಿಂತ.

ಮಾರನೆ ದಿನ ಮಧ್ಯಾಹ್ನ ಅಕ್ಕ ಬಸ್ಸಿನಲ್ಲಿ ಬಂದಿಳಿದಳು. ಒಂದೇ ದಿನಕ್ಕೆ ಐದು ವರ್ಷ ಹೆಚ್ಚಾದವಳ ಹಾಗಿದ್ದಳು. ಬಟ್ಟೆಯ ಮೇಲೆ ವಾಂತಿ ತೊಳೆದ ಕಲೆ. ಮುಖ ತೊಳೆದು, ಎರಡು ತುತ್ತು ಉಂಡು, ಕೈ ಒರೆಸಿಕೊಂಡು ಅವಳು ಕೇಳಿದ ಮೊದಲ ಮಾತು, “ಎಲ್ಲಿ, ಕೊಡು ನೋಡೋಣ.”

ಅವನು ತಂದುಕೊಟ್ಟ. ಅಕ್ಕ ಹಸಿರು ರಟ್ಟನ್ನು ಸವರಿದಳು. “ಅಯ್ಯೋ, ಎಷ್ಟು ಚೆನ್ನಾಗಿದೆಯೋ!” ಎಂದಳು. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಪುಟ ತೆರೆದಳು. ಇನ್ನೊಂದು ಪುಟ ತೆರೆದಳು. ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿ ಕಣ್ಣಿನ ಹತ್ತಿರ ಹಿಡಿದಳು.

“ಕತ್ತರಿಸಿಬಿಟ್ಟೆ ಅಕ್ಕ,” ಎಂದ ಗೋಂದಣ್ಣ. “ನೋಡ್ಲಿಲ್ಲ. ಚೆಂದ ಕಾಣ್ಲಿ ಅಂತ ಕತ್ತರಿಸಿದೆ. ಫೋನಲ್ಲಿ ಇದೆ ಅಂದದ್ದೂ ಸುಳ್ಳು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಛೆ,” ಎಂದಳು.

ಅಕ್ಕ ಅತ್ತಳು. ಸದ್ದು ಮಾಡದೆ, ಪುಸ್ತಕ ಒದ್ದೆಯಾಗದ ಹಾಗೆ ಅದನ್ನು ದೂರ ಹಿಡಿದುಕೊಂಡು ಅತ್ತಳು. ಹೆಂಡತಿ ಪಕ್ಕದಲ್ಲಿ ಬಂದು ಕೂತು, “ಅತ್ತಿಗೆ, ಬೈಯೋದಾದ್ರೆ ಬೈದುಬಿಡಿ. ಆದರೆ ಒಂದು ವಾರದಿಂದ ಇವರು ಸರಿಯಾಗಿ ಊಟ ಮಾಡಿಲ್ಲ. ಗಂಟೆಗೊಂದು ಸಲ ಬಿರುಗಾಳಿ ಎಲ್ಲಿದೆ ಅಂತ ಕೇಳ್ಕೊಂಡು ಬರೋರು. ಬೀದಿಯವರನ್ನ ಬೇಕಾದ್ರೆ ಕೇಳಿ,” ಎಂದಳು.

ಅಕ್ಕ ಕಣ್ಣೊರೆಸಿಕೊಂಡಳು. ತಮ್ಮನನ್ನು ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು. “ಹೋಗ್ಲಿ ಬಿಡು. ಕಾಗದ ತಾನೇ? ಅಲ್ಲಿ ಮೇಲೆ ವಿಮಾನ ಕೆಳಗೆ ಕೆಳಗೆ ಬೀಳ್ತಿದ್ದಾಗ ಪಕ್ಕದವರೆಲ್ಲ ಕೂಗ್ತಿದ್ರು. ನಾನು ಕಣ್ಮುಚ್ಕೊಂಡು ಒಂದೇ ಅಂದ್ಕೊಂಡೆ, ಕೆಳಗೆ ಮರಿ ಕಾಯ್ತಿದಾನೆ ಅಂತ. ಅಷ್ಟು ಸಾಕು ನನಗೆ.”

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಗೋಂದಣ್ಣನ ಬದಲು ನಾನಿದ್ದಿದ್ದರೆ ನಿಲ್ಲಿಸಿಬಿಡುತ್ತಿದ್ದೆ, ನಿಮ್ಮ ವಿಷಯ ನಿಮಗೆ ಗೊತ್ತು. ಪುಸ್ತಕದ ತಪ್ಪು ಒಪ್ಪಿಯಾಗಿತ್ತು, ಕ್ಷಮೆಯೂ ಸಿಕ್ಕಿತ್ತು. ಇನ್ನೊಂದು ವಿಷಯ ಅವನನ್ನು ಬಿಟ್ಟು ಬೇರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಆದರೆ ಆ ಕ್ಷಮೆ ಯಾವುದರ ಮೇಲೆ ನಿಂತಿದೆಯೋ ಅದೇ ಸುಳ್ಳು. ಬೆನ್ನಿಗೆ ಗೋಂದು ಹಿಡಿಯದೆ ರಟ್ಟು ಹೊದಿಸಿದ ಪುಸ್ತಕ ಎಷ್ಟು ದಿನ ನಿಲ್ಲುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ನಾನು ನಿನ್ನ ಕಾಯ್ತಿರಲಿಲ್ಲ ಅಕ್ಕ,” ಎಂದ. “ಬಿರುಗಾಳಿಯನ್ನ ಕಾಯ್ತಿದ್ದೆ.”

“ಏನಂದೆ?”

“ನೀನು ಬರದೇ ಇರ್ಲಿ ಅಂತ. ಪುಸ್ತಕ ನೋಡ್ತೀಯಲ್ಲ ಅಂತ. ವಿಮಾನ ಹೊರಡದೇ ಇರ್ಲಿ ಅಂತ ಬೇಡ್ಕೊಂಡೆ. ಅದಕ್ಕೇ ಗಂಟೆಗೊಂದು ಸಲ ಕೇಳ್ತಿದ್ದೆ.”

ಅಕ್ಕ ಪುಸ್ತಕ ಮುಚ್ಚಿ ಕೇಳಿದಳು. “ಹೊರಟ ಮೇಲೆ?”

“ಹೊರಟ ಮೇಲೂ. ಅರ್ಧ ದಾರಿಯಿಂದ ವಾಪಸ್ ಹೋಗ್ಲಿ ಅಂತ.” ತನ್ನ ಬಲಗೈ ನೋಡಿಕೊಂಡ. “ಆಮೇಲೆ ಇಲ್ಲ. ಆಮೇಲೆ ಕೈ ಹೋಗ್ಲಿ ಅಂದ್ಕೊಂಡೆ, ಅಕ್ಕ ಇಳೀಲಿ ಅಂದ್ಕೊಂಡೆ. ಅದು ನಿಜ. ಆದರೆ ಮೊದಲಿನದೂ ನಿಜ.”

ಅಕ್ಕ ಎದ್ದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಹೊರಗೆ ಬರಲಿಲ್ಲ. ಹೆಂಡತಿ, ಮಾಡಿದ್ದುಣ್ಣೋ ಮಹಾರಾಯ ಎಂದು ತಟ್ಟೆ ಮುಂದೆ ಕುಕ್ಕಿ ಹೋದಳು.

ಮರುದಿನ ಹನ್ನೊಂದರ ಹೊತ್ತಿಗೆ ಅಕ್ಕ ಪುಸ್ತಕ ಎತ್ತಿಕೊಂಡು ಅಂಗಡಿಗೆ ಬಂದಳು. ಕನ್ನಡಕದವನು ಎದ್ದು ನಿಂತು, “ಬನ್ನಿ ಅಕ್ಕ, ನಿಮ್ಮ ತಮ್ಮ ನಿಮಗೋಸ್ಕರ...” ಎಂದು ಶುರು ಮಾಡಿದ. “ಗೊತ್ತು,” ಎಂದು ಅವಳು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

“ಪೆನ್ಸಿಲ್ ಇದ್ಯಾ?”

ಇತ್ತು. ಮಂಗಳವಾರ ಕೊಂಡ ಅದೇ ಪೆನ್ಸಿಲ್ಲು.

“ನನಗೆ ನೆನಪಿರೋದನ್ನ ಹೇಳ್ತೀನಿ. ಬರಿ. ಅಮ್ಮನ ಕೈಬರಹದಲ್ಲಿ ಬೇಡ, ನಿನ್ನದರಲ್ಲೇ ಬರಿ. ಒಂದೊಂದನ್ನೂ ಬರೆದ ಮೇಲೆ ಓದಿ ಹೇಳು.”

ಅವಳು ಪುಟ ತಿರುಗಿಸುತ್ತ ಹೋದಳು. ಬಹಳಷ್ಟು ಪುಟಗಳಲ್ಲಿ, “ನೆನಪಿಲ್ಲ,” ಎಂದಳು. ಆ ಮಾತು ಪ್ರತಿ ಸಲವೂ ಒಂದೇ ದನಿಯಲ್ಲಿ ಬರುತ್ತಿತ್ತು, ಪ್ರತಿ ಸಲವೂ ಗೋಂದಣ್ಣ ತಲೆ ತಗ್ಗಿಸುತ್ತಿದ್ದ. ನಡುನಡುವೆ ಒಂದೊಂದು ನೆನಪಿಗೆ ಬರುತ್ತಿತ್ತು. ‘ಕಾಲು ಮೊದಲು ಬಂತು, ಇಬ್ಬರೂ ಗಟ್ಟಿ.’ ‘ಮಗುವಿಗಿಂತ ಅಪ್ಪ ಜಾಸ್ತಿ ಅತ್ತ.’ ‘ಐದನೆಯ ಹೆಣ್ಣು. ಅಜ್ಜಿ ಮುಖ ತಿರುಗಿಸಿದಳು, ಆಮೇಲೆ ಕದ್ದು ನೋಡಿದಳು.’ ‘ಉಳಿಯಲಿಲ್ಲ. ಹೆಸರು ಇಟ್ಟಿದ್ದರು.’ ಗೋಂದಣ್ಣ ಬರೆದ, ಓದಿದ, ಮತ್ತೆ ಬರೆದ. ಮೂವತ್ತೊಂದು ವರ್ಷದಲ್ಲಿ ಅವನು ಓದುತ್ತಿದ್ದ ಮೊದಲ ಪುಸ್ತಕ ಅದು. ಗಿರಾಕಿಗಳು ಬಂದರು, ನಿಂತರು, ಹೋದರು.

ಅವನ ಪುಟ ಬಂತು. ಗಂಡು, ಆರು ಪೌಂಡು. ಅಕ್ಕ ಪುಟದ ಮೇಲೆ ಅಂಗೈ ಇಟ್ಟಳು.

“ಇದು ನೆನಪಿಲ್ವಾ?” ಎಂದ ಮೆಲ್ಲಗೆ.

“ಇದೆ.” ಅವಳು ಅವನ ಮುಖ ನೋಡಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದಳು. “ನನಗೆ ಒಂಬತ್ತು ವರ್ಷ ಆಗ. ಬರಿ: ‘ಅಕ್ಕ ಎತ್ತಿಕೊಂಡವಳು, ಯಾರು ಕೇಳಿದರೂ ಕೊಡಲಿಲ್ಲ.’”

ಗೋಂದಣ್ಣ ಪೆನ್ಸಿಲ್ಲು ಹಿಡಿದು ಕೂತ. ಕಣ್ಣಿಗೆ ಕೆಂಪು ಗೆರೆ ಎರಡಾಗಿ ಕಾಣುತ್ತಿತ್ತು.

“ಬರಿ,” ಎಂದಳು ಅಕ್ಕ. “ಚಿಕ್ಕದಾಗಿ ಬರಿ. ನೀನು ಜಾಗ ಉಳಿಸಿಲ್ಲ.”

ಅವನು ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿಕೊಂಡು, ಉಳಿದಿದ್ದಷ್ಟು ಅಂಚಿನಲ್ಲಿ ಬರೆಯತೊಡಗಿದ. ಕೊನೆಯ ಎರಡು ಪದ ಹಿಡಿಸಲಿಲ್ಲ. ಅವುಗಳನ್ನು ಕೆಂಪು ಗೆರೆ ದಾಟಿ ತನ್ನ ತೂಕದ ಪಕ್ಕದಲ್ಲಿ ಬರೆದ. ಆಮೇಲೆ, ಅವಳು ಹೇಳಿದ್ದಳಲ್ಲ, ಅದನ್ನು ಜೋರಾಗಿ ಓದಿ ಹೇಳಿದ.